ಮೂರನೆಯ ಗಂಟೆ ಬಾರಿಸಿದ ಮೇಲೆ

ಬುಧವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ನನ್ನ ಕಣ್ಮಣಿ ಮಗಳಿಗೆ, ನಿನ್ನ ಅಮ್ಮ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ.

ಮೊದಲು ಕಡೆಯ ಹಾಳೆ ತಿರುಗಿಸಬೇಡ. ಚಿಕ್ಕಂದಿನಲ್ಲಿ ನೀನು ನನ್ನ ನಾಟಕದ ಪ್ರತಿಗಳನ್ನೆಲ್ಲ ಹಿಂದಿನಿಂದ ಓದುತ್ತಿದ್ದವಳು. ಯಾರು ಸಾಯುತ್ತಾರೆ ಎಂದು ತಿಳಿದುಕೊಂಡ ಮೇಲೇ ಮೊದಲ ಅಂಕಕ್ಕೆ ಬರುತ್ತಿದ್ದೆ. ಈ ಕಾಗದವನ್ನೂ ಹಾಗೇ ಓದುತ್ತೀಯೆಂದು ನನಗೆ ಗುಮಾನಿ. ಹೇಳಿಬಿಡುತ್ತೇನೆ: ಇದರಲ್ಲಿ ಯಾರೂ ಸಾಯುವುದಿಲ್ಲ. ಆದರೆ ಕಳ್ಳರು ಸಿಕ್ಕಿಬೀಳುತ್ತಾರೆ, ಅವರಲ್ಲೊಬ್ಬಳು ಈಗ ಪೆನ್ನು ಹಿಡಿದು ಕೂತಿದ್ದಾಳೆ. ಆದ್ದರಿಂದ ಸಾಲು ಬಿಡದೆ ಓದು.

ಸೋಮವಾರ ಫೋನಿನಲ್ಲಿ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. ಡಯಾಲಿಸಿಸ್ ತರಬೇತಿ ಮುಗಿಯಲು ಇನ್ನೆರಡೇ ತಿಂಗಳಿದ್ದರೂ ಬಿಟ್ಟು ಬರುತ್ತೇನೆ ಎಂದೆ. ಶನಿವಾರ ಬಂದು ಮಗುವನ್ನೂ ನನ್ನನ್ನೂ ಕರೆದುಕೊಂಡು ಬೇರೆ ಮನೆ ಹಿಡಿಯುತ್ತೇನೆ ಎಂದೆ. ಮಗುವಿಗಾಗಿ ಮಾಡಿದ ಒಂದೇ ಒಂದು ನಿಯಮವನ್ನು ಬೆನ್ನ ಹಿಂದೆ ಮುರಿಯುವ ಗಂಡನ ಜೊತೆ ಇನ್ನು ಬಾಳಲಾರೆ ಎಂದೆ. ಅವತ್ತು ಫೋನ್ ಇಟ್ಟಾಗ ನನ್ನೊಳಗೆ ಜಯಭೇರಿ ಮೊಳಗಿದ್ದು ನಿಜ. ಮಂಗಳವಾರ ಸಂಜೆ ಆ ಭೇರಿಯ ಚರ್ಮ ಹರಿಯಿತು. ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರನೆಯ ಸಲ ಎತ್ತಿದವಳು, "ಅಮ್ಮಾ, ಫೋನಲ್ಲಿ ನೀನು ನಾಟಕ ಆಡ್ತೀಯ. ಹೇಳೋದಿದ್ರೆ ಬರೆದು ಕಳಿಸು, ಓದ್ತೀನಿ" ಎಂದು ಕತ್ತರಿಸಿದೆ. ತಪ್ಪು ಹೇಳಲಿಲ್ಲ. ಫೋನ್ ಕಿವಿಗೆ ಹತ್ತಿದರೆ ನನಗೆ ಎದುರಿಗೆ ಎಂಟುನೂರು ಜನ ಕೂತಂತೆ ಆಗುತ್ತದೆ. ಇವತ್ತು ಕೊರಿಯರಿಗೆ ಹಾಕಿದರೆ ಶುಕ್ರವಾರ ಬೆಳಿಗ್ಗೆ ನಿನ್ನ ಹಾಸ್ಟೆಲಿನ ಬಾಗಿಲಿಗೆ ಬರುತ್ತದಂತೆ. ನೀನು ಪೆಟ್ಟಿಗೆ ಕಟ್ಟುವ ಮುಂಚೆ ಇದು ನಿನ್ನ ಕೈ ಸೇರಲಿ.

ಹೊರಡುವ ಹಿಂದಿನ ದಿನ ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆ ಹಾಗೇ ಇದೆ. ಟ್ಯಾಬ್ ದಿನಕ್ಕೆ ಒಂದೇ ಸಲ, ಸಂಜೆ ಐದರಿಂದ ಐದೂವರೆ. ಕೂರುವುದು ಅದೇ ನೀಲಿ ಚಾಪೆಯ ಮೇಲೆ. ಮೊದಲು ಹಾಲಿನ ಲೋಟದ ಚಿತ್ರ, ಆಮೇಲೆ ಟ್ಯಾಬಿನ ಚಿತ್ರ, ಆಮೇಲೆ ಊಟದ ತಟ್ಟೆಯ ಚಿತ್ರ. ಮುಂದೇನು ಎಂಬುದು ಮಗುವಿನ ಕಣ್ಣಿಗೆ ಕಾಣುತ್ತಿರಬೇಕು. ಕಿತ್ತುಕೊಳ್ಳಬಾರದು, ಮುಗಿಯುವ ಮುಂಚೆಯೇ ತಿಳಿಸಬೇಕು. ಮುಗಿದ ಮೇಲೆ ಟ್ಯಾಬ್ ಕಣ್ಣಿಗೆ ಬೀಳಬಾರದು. ಕೆಳಗೆ ಕೆಂಪು ಶಾಯಿಯಲ್ಲಿ: ಮನೆಯ ದೊಡ್ಡವರಿಗೆಲ್ಲ ಇದೇ ನಿಯಮ. ಆ ಕೆಂಪು ಸಾಲನ್ನು ಓದುತ್ತ ನಾನು ಯಾರ ಕಡೆ ನೋಡಿದೆನೆಂದು ನಿನಗೆ ನೆನಪಿರಬೇಕು.

ಹೌದು, ನಿನ್ನ ಗಂಡನ ಕಡೆ. ನನಗೆ ಅವನ ಮೇಲೆ ಗುಮಾನಿ ಹುಟ್ಟಿದ್ದು ಟ್ಯಾಬಿನಿಂದಲ್ಲ. ನನ್ನ ಕಡೆಯ ನಾಟಕದ ದಿನ, ಮೊದಲ ಸಾಲಿನಲ್ಲಿ, ನಾನು ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡುವಾಗ, ಹೊಸ ಅಳಿಯ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಎರಡು ಪಾಳಿ ಮಾಡಿ, ಮೂವತ್ತು ಮಹಡಿಯ ಲಿಫ್ಟ್ ರಿಪೇರಿಗೆ ಅದರ ಗುಂಡಿಯಲ್ಲಿ ನೇತಾಡಿ ಬಂದಿದ್ದನೆಂದು ನೀನು ಹೇಳಿದೆ. ಇರಬಹುದು. ಆದರೆ ನಟಿ ಯಾವ ತಪ್ಪನ್ನಾದರೂ ಕ್ಷಮಿಸಿಯಾಳು, ಗೊರಕೆಯನ್ನಲ್ಲ. ಅದರ ಮೇಲೆ ಅವನ ಆ ಮೌನ. ಇಷ್ಟು ವರ್ಷದಲ್ಲಿ ನನ್ನೊಡನೆ ಆಡಿದ್ದು ಎರಡೇ ಮಾತು: "ಸರಿ ಅತ್ತೆ", "ನೋಡೋಣ ಅತ್ತೆ". ಮಾತಿಲ್ಲದ ಪಾತ್ರ ರಂಗದ ಮೇಲೆ ಬಂದರೆ ಒಂದೋ ಸೇವಕ, ಇಲ್ಲವೇ ಖಳನಾಯಕ. ನಲವತ್ತು ವರ್ಷ ಬಣ್ಣ ಹಚ್ಚಿದವಳ ಲೆಕ್ಕಾಚಾರ ಇಷ್ಟೇ.

ನಿಯಮ ಮುರಿದ ಮೊದಲ ಕೈ ಮಾತ್ರ ನನ್ನದೇ. ಇದನ್ನು ನಿನಗೆ ಹೇಳಿರಲಿಲ್ಲ. ನೀನು ಹೋದ ಮೊದಲ ವಾರ ಐದೂವರೆ ಹೊಡೆದ ತಕ್ಷಣ ನಾನು ಟ್ಯಾಬ್ ಕಿತ್ತುಕೊಂಡೆ. ವಿಡಿಯೊದಲ್ಲಿ ಬಟ್ಟೆ ಒಗೆಯುವ ಯಂತ್ರದ ಗಾಜಿನೊಳಗೆ ಬಟ್ಟೆ ಗರಗರ ತಿರುಗುವುದನ್ನು ನಮ್ಮ ಬುಗುರಿ ಉಸಿರು ಹಿಡಿದು ನೋಡುತ್ತಿದ್ದಳು, ಯಂತ್ರ ಇನ್ನೂ ನಿಂತಿರಲಿಲ್ಲ. ಏಳು ವರ್ಷದ ಕೂಸು ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡು, ಗೋಡೆಗೆ ಹಣೆ ಚಚ್ಚಿಕೊಂಡು, ಮುಕ್ಕಾಲು ಗಂಟೆ ಚೀರಿತು. ನಾನು ಹಠ ಎಂದುಕೊಂಡೆ. ಕೆಲಸದಿಂದ ಬಂದ ನಿನ್ನ ಗಂಡ ಕೈ ತೊಳೆಯದೆ ನೆಲದ ಮೇಲೆ ಕೂತು, ದಪ್ಪ ರಜಾಯಿಯನ್ನು ಅವಳಿಗೆ ಬಿಗಿಯಾಗಿ ಸುತ್ತಿ ಹಿಡಿದುಕೊಂಡ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳದವನ ಮೇಲೆ ನನಗೆ ಇನ್ನಷ್ಟು ಗುಮಾನಿ.

ಮರುದಿನ ಮಾತು ಕಲಿಸುವ ಮೇಡಂ ಒಂದು ಮರಳುಗಡಿಯಾರ ಕೊಟ್ಟು ಕಳಿಸಿದರು. ಮರಳು ಸದ್ದಿಲ್ಲದೆ ಬೀಳುತ್ತದೆ, ಮಗು ಅದನ್ನು ನೋಡುತ್ತಲೇ ಇಲ್ಲ. ಆಗ ನನಗೆ ಹೊಳೆಯಿತು. ನಮ್ಮ ನಾಟಕ ಕಂಪನಿ ಮುಚ್ಚಿದ ದಿನ ಎಲ್ಲರೂ ಕಿರೀಟ, ಕತ್ತಿ ಎಂದು ಬಾಚಿಕೊಂಡಾಗ ನಾನು ತಂದದ್ದು ಆ ಕಂಚಿನ ಗಂಟೆಯೊಂದನ್ನೇ ಅಲ್ಲವೇ? ಪೆಟ್ಟಿಗೆಯಿಂದ ತೆಗೆದೆ, ಹುಳಿ ಹಚ್ಚಿ ಉಜ್ಜಿದೆ. ಐದು ಇಪ್ಪತ್ತಕ್ಕೆ ಮೊದಲನೆಯ ಗಂಟೆ, ಐದು ಇಪ್ಪತ್ತೈದಕ್ಕೆ ಎರಡನೆಯದು, ಐದೂವರೆಗೆ ಮೂರನೆಯದು. ಅವಳನ್ನು ಮುಂದೆ ಕೂರಿಸಿಕೊಂಡು, ನಾಟಕದವರು ಮೂರು ಗಂಟೆ ಏಕೆ ಬಾರಿಸುತ್ತಾರೆ ಎಂದು ಅಭಿನಯ ಸಮೇತ ಹೇಳಿದೆ. ಮೊದಲನೆಯದಕ್ಕೆ ಜನ ಬರುತ್ತಾರೆ, ಎರಡನೆಯದಕ್ಕೆ ಕೂರುತ್ತಾರೆ, ಮೂರನೆಯದಕ್ಕೆ ಪರದೆ ಏಳುತ್ತದೆ, ಆಟ ಶುರು. ಅವಳು ನನ್ನ ಮುಖ ನೋಡಲಿಲ್ಲ, ಗಂಟೆಯ ನಾಲಿಗೆಯನ್ನೇ ನೋಡುತ್ತಿದ್ದಳು. ಕೇಳಿಸಿಕೊಂಡಿಲ್ಲ ಎಂದುಕೊಂಡೆ.

ಮೂರನೆಯ ದಿನಕ್ಕೆ ಪವಾಡ! ಮೂರನೆಯ ಗಂಟೆ ಬಿದ್ದದ್ದೇ, ಕೂಸು ತಾನಾಗಿಯೇ ಎದ್ದು ಟ್ಯಾಬ್ ಎತ್ತಿಕೊಂಡು ಹೊರಟಿತು. ಅಳುವೂ ಇಲ್ಲ, ಕಚ್ಚಿಕೊಳ್ಳುವುದೂ ಇಲ್ಲ. ನನ್ನ ಕೋಣೆಯ ಕಿಟಕಿಯ ದಪ್ಪ ಪರದೆಯ ಹಿಂದೆ ಗೋಡೆಯಲ್ಲಿ ಒಂದು ಗೂಡಿದೆಯಲ್ಲ, ಕಣ್ಣಿಗೆ ಬೀಳಬಾರದೆಂದು ಟ್ಯಾಬಿನ ಜಾಗ ಅಲ್ಲೇ ಎಂದು ನಾನೇ ಗೊತ್ತು ಮಾಡಿದ್ದೆ. ಅಲ್ಲಿಗೆ ಹೋಗುತ್ತಿದ್ದಳು, ಪರದೆಯ ಹಿಂದೆ ಹತ್ತು ಹದಿನೈದು ನಿಮಿಷ ನಿಂತು ಬರುತ್ತಿದ್ದಳು. ಬಟ್ಟೆಯ ಮೆತ್ತಗಿನ ಕತ್ತಲು ಅವಳಿಗೆ ಹಿತ, ನಿಲ್ಲಲಿ ಬಿಡು ಎಂದು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಅಲ್ಲಿ ಗಾಳಿ ತಳ್ಳುವ ಫ್ಯಾನಿನ ಗದ್ದಲ, ಇಲ್ಲಿ ನನ್ನ ಅರ್ಧ ಸತ್ತ ಎಡಗಿವಿ. ಮೇಡಂಗೆ ಫೋನ್ ಮಾಡಿ, ನಿಮ್ಮ ಮರಳು ನನ್ನ ಕಂಚಿನ ಮುಂದೆ ಯಾವ ಲೆಕ್ಕ ಎಂದು ಕೊಚ್ಚಿಕೊಂಡೆ. ಅವರು ಒಂದೇ ಪ್ರಶ್ನೆ ಕೇಳಿದರು: ಗಂಟೆ ಆದಮೇಲೆ ಅವಳು ಏನು ಮಾಡುತ್ತಾಳೆ? ಏನು ಮಾಡಿಯಾಳು, ಮುಗಿಯಿತಲ್ಲ ಎಂದೆ. ಚಪ್ಪಾಳೆ ಕೇಳುವ ಹೊತ್ತಿನಲ್ಲಿ ಪ್ರಶ್ನೆ ಕೇಳುವವರು ನನಗೆ ಹಿಡಿಸುವುದಿಲ್ಲ.

ಇನ್ನು ಬ್ಯಾಟರಿಯ ಕಥೆ. ನೀನು ಟ್ಯಾಬಿನಿಂದ ಇಂಟರ್‌ನೆಟ್ ತೆಗೆಸಿದ್ದೆ, ಒಳಗಿರುವುದು ಆ ತಿರುಗುವ ಬಟ್ಟೆಗಳ ವಿಡಿಯೊ ಮಾತ್ರ. ಅರ್ಧ ಗಂಟೆ ನೋಡಿದರೆ ನೂರಕ್ಕೆ ಹತ್ತು ಇಳಿಯಬೇಕು. ಒಂದು ಸಂಜೆ ಏಳಕ್ಕೆ ನೋಡುತ್ತೇನೆ, ಎಪ್ಪತ್ತೈದು. ಮರುದಿನ ಎಪ್ಪತ್ತೆರಡು. ಮೂರನೆಯ ದಿನ ಅರವತ್ತೊಂಬತ್ತು, ಮೇಲಾಗಿ ಹಿಂಬದಿ ಬೆಚ್ಚಗೆ, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ! ನನ್ನ ಎದೆಯಲ್ಲಿ ನಗಾರಿ ಮೊಳಗಿತು. ಹಲ್ಲು ಬಿದ್ದ ಮೇಲೆ ಕಡೆಯ ಆರು ವರ್ಷ ವಿಂಗಿನಲ್ಲಿ, ರಂಗದ ಪಕ್ಕದ ಮರೆಯಲ್ಲಿ, ಕೂತು ಮಾತು ಹೇಳಿಕೊಡುತ್ತಿದ್ದವಳು ನಾನು. ಯಾರು ಎಲ್ಲಿ ತಪ್ಪುತ್ತಾರೆ ಎಂದು ಕಾಯುವುದೇ ನನ್ನ ಕಸುಬು. ಹಳೆಯ ಪ್ರತಿಯ ಖಾಲಿ ಹಾಳೆಯಲ್ಲಿ ದಿನವೂ ಅಂಕಿ ಬರೆಯತೊಡಗಿದೆ.

ಐದೂವರೆಯಿಂದ ಏಳರ ನಡುವೆ ಮನೆಗೆ ಬರುವವರು ಯಾರು? ಆರಕ್ಕೆ ಬರುವ ನಿನ್ನ ಗಂಡ. ಬಂದವನು ಏನು ಮಾಡುತ್ತಾನೆ? ಮಗುವನ್ನು ಕರೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ತಂದೆ ಮಗಳ ನಡುವೆ ಬಾಗಿಲೇಕೆ? ಒಂದು ದಿನ ನನ್ನ ಒಳ್ಳೆಯ ಕಿವಿಯನ್ನು ಬಾಗಿಲಿಗೆ ಆನಿಸಿದೆ. ಒಳಗೆ ಸಪಾಟಾದ ಒಂದು ಗಂಡಸಿನ ದನಿ: "ಬಾಗಿಲು ಮುಚ್ಚುತ್ತಿದೆ. ಎರಡನೇ ಮಹಡಿ." ಅಳಿಯನ ದನಿ ಹಾಗಿರುವುದಿಲ್ಲ, ಅದು ಯಂತ್ರದ ದನಿ. ಅರ್ಥವಾಯಿತು, ಲಿಫ್ಟಿನ ವಿಡಿಯೊ ಹಾಕಿ ಮಗುವಿನ ಕೈಗೆ ಕೊಟ್ಟು ತಾನು ಕಾಲು ಚಾಚಿದ್ದಾನೆ! ಆ ದಿನವೇ ನಿನಗೆ ಫೋನ್ ಮಾಡಿ, ನನ್ನ ಕಿವಿಯಾರೆ ಕೇಳಿದೆ ಎಂದು ಆಣೆ ಇಟ್ಟೆ. ನೀನು ಅವನನ್ನು ಕೇಳಿದೆ. ಇಲ್ಲ ಎಂದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಒಂದು ತರ. ಇವನು ಹೆಗಲನ್ನೂ ಮುಟ್ಟಲಿಲ್ಲ. ಎಷ್ಟು ಪಳಗಿದ ಕಳ್ಳನಿರಬೇಕು ಎಂದುಕೊಂಡೆ.

ಕೆಳಮನೆಯ ಟೈಲರಮ್ಮ ಮಾತ್ರ ನನ್ನ ಪತ್ತೇದಾರಿಕೆಗೆ ಸೊಪ್ಪು ಹಾಕಲಿಲ್ಲ. ನಾನು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಮಗುವಿನ ಜೊತೆ ಕೂರುವವಳು ಅವಳೇ ಆದ್ದರಿಂದ ಅವಳನ್ನೂ ಎರಡು ದಿನ ಅನುಮಾನಿಸಿದ್ದೆ. ಅದು ಅವಳಿಗೂ ಗೊತ್ತಾಗಿತ್ತು. ರವಿಕೆಯ ಅಳತೆ ತೆಗೆಯುತ್ತ, "ಅಮ್ಮೋರೇ, ನಿಮ್ಮ ಅಳಿಯ ಕಳ್ಳನೇ ಆಗಿದ್ರೂ ಈ ಮನೇಲಿ ಕದಿಯೋಕೆ ಏನಿದೆ, ನಿಮ್ಮ ಹಲ್ಲುಸೆಟ್ಟಾ?" ಎಂದಳು. ಉಸಿರು ಬಿಗಿಹಿಡಿದು ನಿಂತಿದ್ದೆ, ಅದಕ್ಕೇ ಈಗ ಆ ರವಿಕೆ ಮೈಗೆ ಸೇರುತ್ತಿಲ್ಲ.

ಅಂಕಿಗಳು ಸಾಲದೆಂದು ಬಲೆ ಬೀಸಿದೆ. ಬಣ್ಣದ ಪೆಟ್ಟಿಗೆಯಲ್ಲಿ ಮುಖದ ಬಿಳಿ ಪೌಡರು ಇನ್ನೂ ಅರ್ಧ ಡಬ್ಬಿ ಇತ್ತು. ಎರಡನೆಯ ಗಂಟೆ ಬಾರಿಸಿ ಮೆಲ್ಲಗೆ ಕೋಣೆಗೆ ಹೋಗಿ ಗೂಡಿನ ತುಂಬ ತೆಳ್ಳಗೆ ಉದುರಿಸಿ ಬಂದೆ. ಇನ್ನು ಟ್ಯಾಬನ್ನು ಅಲ್ಲಿಂದ ಎತ್ತಿದ ಕೈ ಬೆಳ್ಳಗಾಗಲೇಬೇಕು. ಏಳೂವರೆಗೆ ಊಟಕ್ಕೆ ಕೂತಾಗ ನೋಡಿದೆ. ನಿನ್ನ ಗಂಡನ ಬಲಗೈಯ ಮೂರು ಬೆರಳು, ಅಂಗಿಯ ತೋಳಿನ ಅಂಚು, ಬಿಳಿ! ಅನ್ನ ಬಡಿಸುವ ಸೌಟು ಕೈಯಿಂದ ಜಾರಿತು. ಆ ಬಿಳಿ ಬೆರಳುಗಳ ವರ್ಣನೆಯನ್ನು ನಿನಗೆ ಫೋನಿನಲ್ಲಿ ಅರ್ಧ ಗಂಟೆ ಮಾಡಿದೆ. ನೀನು ಕೊನೆಯವರೆಗೂ ಕೇಳಿದೆ. ನಿನ್ನ ಮನಸ್ಸು ಮುರಿದದ್ದು ಅವತ್ತೇ ಎಂದು ಈಗ ಅನ್ನಿಸುತ್ತದೆ.

ಆದರೆ ಮಗಳೇ, ನಾನು ವರ್ಣಿಸದೆ ಬಿಟ್ಟದ್ದು ಒಂದಿದೆ. ಅದೇ ಊಟದ ಹೊತ್ತಿನಲ್ಲಿ ಮಗುವಿನ ಮೂಗಿನ ತುದಿ ಬೆಳ್ಳಗಿತ್ತು. ಎರಡೂ ಕಿವಿಯ ಹಿಂದೆ ಬೆಳ್ಳಗಿತ್ತು. ಮುಂಗೈಯ ಮಡಿಕೆಗಳಲ್ಲಿ ಪೌಡರು ಕೂತಿತ್ತು. ನಾನು ಅದನ್ನು ಕಂಡೆ. ಸೆರಗಿನಿಂದ ಒರೆಸಿದೆ. ನನ್ನ ಕಥೆಗೆ ಬೇಕಾದದ್ದು ಮೂರು ಬೆರಳು, ಮೂಗಲ್ಲ.

ನಿನ್ನೆ ಮಂಗಳವಾರ ಏನಾಯಿತು ಎಂಬುದಕ್ಕೆ ಬರುತ್ತೇನೆ. ಮೂರನೆಯ ಗಂಟೆ ಬಾರಿಸಿದೆ. ಬುಗುರಿ ಎಂದಿನಂತೆ ಟ್ಯಾಬ್ ಎತ್ತಿಕೊಂಡು ಪರದೆಯ ಹಿಂದೆ ಹೋದಳು. ನಾನು ಹಾಲಿನ ಪಾತ್ರೆ ಒಲೆಯ ಮೇಲಿಟ್ಟೆ. ಎರಡು ನಿಮಿಷವಾಗಿರಬೇಕು, ಫ್ಯಾನಿನ ಗದ್ದಲವನ್ನೂ ಸೀಳಿಕೊಂಡು ಆ ಚೀರಾಟ ಬಂತು, ಮೊದಲ ವಾರದ್ದೇ ಚೀರಾಟ. ಓಡಿದೆ. ಕೂಸು ಕಿಟಕಿಯ ಕೆಳಗೆ ಕೂತು ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿತ್ತು. ಒಂದೇ ಮಾತು, ಮತ್ತೆ ಮತ್ತೆ: "ಏಳಲ್ಲ. ಏಳಲ್ಲ. ಏಳಲ್ಲ." ನೋಡು, ಅಪ್ಪ ಹಚ್ಚಿದ ಚಟ, ಅರ್ಧ ಗಂಟೆ ಸಾಲದೆ ಬಂದಿದೆ ಎಂದೇ ನನ್ನ ಮೊದಲ ಯೋಚನೆ; ಕಾಮಾಲೆ ಕಣ್ಣಿಗೆ ಹಾಲೂ ಹಳದಿ. ಗದ್ದಲ ಕೇಳಿ ಟೈಲರಮ್ಮ ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಮೇಲೆ ಬಂದಳು. ಮಗುವಿಗೆ ರಜಾಯಿ ಸುತ್ತಿ ಹಿಡಿದುಕೊಂಡದ್ದು ಅವಳು, ನಿನ್ನ ಗಂಡ ಮಾಡುವುದನ್ನು ನೋಡಿ ಕಲಿತಿದ್ದಳಂತೆ. ಅವಳ ಉಸಿರು ಹದಕ್ಕೆ ಬಂದ ಮೇಲೆ ಗೂಡಿನಿಂದ ಟ್ಯಾಬ್ ತೆಗೆದೆವು. ಅದರ ಮುಖದ ಮೇಲೆ ಒಂದು ಸೂಚನೆ: ಜಾಗ ಸಾಲದು, ಇನ್ನು ಚಿತ್ರೀಕರಿಸಲು ಆಗುವುದಿಲ್ಲ.

ಜಾಗ ತುಂಬಿಸಿದ್ದು ಯಾರು? ನನ್ನ ಕಣ್ಣಲ್ಲಿ ಮಿಂಚು. ಅಳಿಯ ಕದ್ದು ತುಂಬಿಸಿದ ಸಿನಿಮಾಗಳು ಸಾಕ್ಷಿ ಸಮೇತ ಸಿಕ್ಕವು! ತೆಗೆ ತೆಗೆ, ನೀನೂ ನೋಡು ಎಂದು ಟೈಲರಮ್ಮನಿಗೆ ಕೊಟ್ಟೆ. ಅವಳು ಬೆರಳಾಡಿಸಿ ತೆಗೆದಳು. ಮೂವತ್ತೇಳು ವಿಡಿಯೊ. ಮೊದಲನೆಯದನ್ನು ಒತ್ತಿದಳು.

ಪರದೆಯ ಮಡಿಕೆ ಕಂಡಿತು. ಬುಗುರಿಯ ಅರ್ಧ ಮುಖ ಬಂತು, ಒಂದು ಕಣ್ಣು, ಉಸಿರು. ಆಮೇಲೆ ಅವಳು ಹಿಂದೆ ಸರಿದು, ಪರದೆಯ ಅಂಚನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ, "ಪರದೆ ಏಳ್ತು" ಎಂದಳು. ಒಂದು ಕೈ ಸೊಂಟಕ್ಕೆ. ಗಲ್ಲ ಮೇಲಕ್ಕೆ. "ಯಾರಲ್ಲಿ!" ಮಗಳೇ, ಅದು ನನ್ನ ದನಿ. 'ಬೇಕು', 'ಸಾಕು', 'ತಿರುಗು' ಎಂಬ ಮೂರು ಮಾತಿನಲ್ಲಿ ಇಡೀ ದಿನ ಕಳೆಯುವ ಮಗು ನನ್ನ ಉಸಿರು, ನನ್ನ ಕೆಮ್ಮು, ನಡುವೆ ನುಂಗುವ ಎಂಜಲು, ಎಲ್ಲವನ್ನೂ ಹಿಡಿದು ಆಡುತ್ತಿತ್ತು.

ಚಿತ್ರೀಕರಿಸುವ ಗುಂಡಿ ಅವಳಿಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತೀಯ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಎರಡನೆಯ ವಾರ, ಬೆಳಿಗ್ಗೆ ಹನ್ನೊಂದಕ್ಕೆ, ಶಾಲೆಗೆ ರಜೆಯಿದ್ದ ದಿನ, ನನ್ನ ಹಳೆಯ ಕಂಚಿನ ಕಂಠ ಇನ್ನೂ ಇದೆಯೇ ನೋಡೋಣ ಎಂದು ಟ್ಯಾಬನ್ನು ಅದೇ ಗೂಡಿನಲ್ಲಿ ನಿಲ್ಲಿಸಿ, ಪರದೆ ಎತ್ತಿ, ರಾಣಿಯ ಸಂಭಾಷಣೆ ಆಡಿ ಚಿತ್ರ ತೆಗೆದುಕೊಂಡಿದ್ದೆ. ಗುಂಡಿ ಒತ್ತಲು ಅವಳನ್ನೇ ನಿಲ್ಲಿಸಿದ್ದೆ. ಅಂದರೆ ಗಂಟೆ ನನ್ನದು, ಕಥೆ ನನ್ನದು, ಗೂಡು ನನ್ನದು, ಪರದೆ ನನ್ನದು, ಪಾಠವೂ ನನ್ನದು. ಮೂರನೆಯ ಗಂಟೆಗೆ ಎಲ್ಲವೂ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ನಾನು ಹೇಳಿದ್ದನ್ನು ಹೇಳಿದ ಹಾಗೇ ನಂಬಿದವಳು ಅವಳು: ಮೂರನೆಯ ಗಂಟೆಗೆ ಆಟ ಶುರು. ಅದಕ್ಕೇ ಅಳದೆ ಎದ್ದು ಹೋಗುತ್ತಿದ್ದಳು. ನಿನ್ನೆ ಜಾಗ ತುಂಬಿ ಗುಂಡಿ ಕೆಲಸ ಮಾಡಲಿಲ್ಲ, ಪರದೆ ಏಳಲಿಲ್ಲ, ಕೂಸಿನ ಲೋಕ ಕುಸಿಯಿತು.

ಟೈಲರಮ್ಮ ಒಂದಾದ ಮೇಲೊಂದು ಒತ್ತುತ್ತ ಹೋದಳು. ಹತ್ತೊಂಬತ್ತನೆಯದರಲ್ಲಿ ನನ್ನ ಬಾಚಣಿಗೆಯನ್ನು ಕಿವಿಗೆ ಹಿಡಿದು ಬುಗುರಿ ಹೇಳುತ್ತಿದ್ದಳು: "ಮಗಳೇ, ನಿನ್ನ ಗಂಡ ಬಣ್ಣ ಹಚ್ಚದ ವೇಷಗಾರ. ನಾನು ಕಂಡಿದ್ದೀನಿ ಇಂಥವರನ್ನ." ಟೈಲರಮ್ಮ ನನ್ನ ಮುಖ ನೋಡಲಿಲ್ಲ. ಅಳತೆಪಟ್ಟಿಯನ್ನು ಸುತ್ತತೊಡಗಿದಳು, ಬಿಚ್ಚಿ ಮತ್ತೆ ಸುತ್ತಿದಳು. "ಕೂಸಿಗೆ ಏನೂ ತಿಳಿಯಲ್ಲ ಅಂದ್ಕೊಂಡು ಅದರ ಮುಂದೇನೇ ಮಾತಾಡ್ತಿದ್ರಾ, ಅಮ್ಮೋರೇ?" ಎಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಮಾತು ಮರೆತು ನಿಂತೆ, ವಿಂಗಿನಲ್ಲಿ ಹೇಳಿಕೊಡುವವರೂ ಇರಲಿಲ್ಲ.

ಇಪ್ಪತ್ತಾರನೆಯದರಲ್ಲಿ ಇನ್ನೊಂದು ಪಾತ್ರ ಬಂತು. ಬುಗುರಿ ನೇರ ನಿಂತು, ಪರದೆಯ ಎರಡು ಅಂಚನ್ನು ಮೆಲ್ಲಗೆ ಎಳೆದು ಸೇರಿಸಿ, ಸಪಾಟಾದ ದನಿಯಲ್ಲಿ, "ಬಾಗಿಲು ಮುಚ್ಚುತ್ತಿದೆ. ಎರಡನೇ ಮಹಡಿ" ಎಂದಳು. ನಾನು ಬಾಗಿಲಿಗೆ ಕಿವಿಯಾನಿಸಿ ಕೇಳಿದ್ದ ಅದೇ ಯಂತ್ರದ ದನಿ! ವಿಡಿಯೊ ಅಲ್ಲ ಮಗಳೇ. ಲಿಫ್ಟಿನವನು ತನ್ನ ಮಗಳಿಗಾಗಿ ತಾನೇ ಲಿಫ್ಟ್ ಆಗುತ್ತಿದ್ದ. ಲಿಫ್ಟಿಗೆ ಬಾಗಿಲು ಹಾಕಲೇಬೇಕಲ್ಲ, ಅದಕ್ಕೇ ಬಾಗಿಲು ಹಾಕುತ್ತಿದ್ದ. ಬುಗುರಿ ಮುಂದುವರಿಸಿದಳು, ಅಪ್ಪನ ದನಿಯಲ್ಲಿ: "ಮೂರನೇ ಮಹಡಿ. ಯಾರು ಇಳೀತೀರಿ?" ಆಮೇಲೆ ತನ್ನದೇ ದನಿಯಲ್ಲಿ ಉತ್ತರ: "ಬುಗುರಿ ಇಳಿಯಲ್ಲ. ಅಪ್ಪ ಇಳಿಯಲ್ಲ."

ಇಷ್ಟನ್ನು ನೀನು ಓದಿದರೆ ಸಾಕು, ಉಳಿದದ್ದು ಬರಿಯ ತೋರಣ. ನೀನು ಶನಿವಾರ ಬಂದು ಆ ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಬೇಡ.

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಿಮಿಷಗಳ ಮಾತೇ ಎತ್ತಲಿಲ್ಲ. ಗಂಟೆ ಆದಮೇಲೆ ಅವಳು ಏನು ಮಾಡುತ್ತಾಳೆ ಎಂಬುದನ್ನೇ ಅವತ್ತೂ ಕೇಳಿದ್ದೆ ಎಂದರು. ಅರ್ಧ ಗಂಟೆಯ ನಿಯಮ ಹಾಗೇ ಇರಲಿ, ಅದರ ಪಕ್ಕದಲ್ಲಿ ಆಟಕ್ಕೊಂದು ಬೇರೆ ಚಿತ್ರ ಹಾಕಿ ಎಂದರು. ಅದಕ್ಕೂ ಶುರು ಇರಬೇಕು, ಕೊನೆ ಇರಬೇಕು, ಎದುರಿಗೆ ಕೂತು ನೋಡುವ ಒಬ್ಬ ಮನುಷ್ಯ ಇರಬೇಕು. ಗೋಡೆಯ ಗೂಡಿಗೆ ಮಾತಾಡಿದವಳು ಮೆಲ್ಲಗೆ ಮನುಷ್ಯರಿಗೂ ಮಾತಾಡಿಯಾಳು, ಆಡದಿದ್ದರೂ ಅವಸರ ಮಾಡಬೇಡಿ ಎಂದರು. ಒಂದು ರಟ್ಟಿನ ಮೇಲೆ ಪರದೆಯ ಚಿತ್ರ ಬರೆದು ಊಟದ ತಟ್ಟೆಯ ಮುಂಚೆ ಅಂಟಿಸಿದ್ದೇನೆ. ಹತ್ತು ನಿಮಿಷ, ಮುಗಿಯುವಾಗ ನಾಲ್ಕನೆಯ ಗಂಟೆ. ಕಿಟಕಿಯ ಎದುರು ಎರಡು ಕುರ್ಚಿ ಹಾಕಿದ್ದೇನೆ. ನೀನು ಶನಿವಾರ ಬಾ, ಮೂರನೆಯ ಕುರ್ಚಿ ಹಾಕುತ್ತೇನೆ. ಆದರೆ ವಾಪಸ್ ಹೋಗುವ ಟಿಕೆಟ್ಟನ್ನೂ ತೆಗೆದುಕೊಂಡೇ ಬಾ. ಎರಡು ತಿಂಗಳು ಮುಗಿಸಿ ಬಾ.

ಎಲ್ಲ ಗುಮಾನಿ ಸತ್ತಿತೆಂದು ಬರೆದರೆ ಅದೂ ನಾಟಕವಾದೀತು. ಗಂಟೆ ಶುರುವಾಗಿ ಮೂರು ತಿಂಗಳಾಯಿತು, ವಿಡಿಯೊಗಳು ಮೂವತ್ತೇಳು ಮಾತ್ರ. ಅದಕ್ಕಿಂತ ಹಿಂದಿನವು ಎಲ್ಲಿ? ಟ್ಯಾಬನ್ನು ಬಿಚ್ಚಿ ಅಳಿಸಬಲ್ಲವನು ಈ ಮನೆಯಲ್ಲಿ ಒಬ್ಬನೇ. ಹೋದ ಗುರುವಾರದ ವಿಡಿಯೊ ಕೂಡ ಈಗ ಅದರಲ್ಲಿಲ್ಲ. ಜಾಗ ತುಂಬಿದಾಗ ಯಂತ್ರವೇ ತಿಂದುಹಾಕಿರಬೇಕು. ನಿನ್ನೆ ಅಳಿಯ ಬಂದಾಗ ಎಂಟಾಗಿತ್ತು, ಯಾವುದೋ ಆಸ್ಪತ್ರೆಯ ಲಿಫ್ಟ್ ವಾರದಿಂದ ಕೆಟ್ಟು ಕೂತಿದೆಯಂತೆ. ಮುಖ ನೋಡಿ ಮಾತಾಡಲು ನನಗೆ ಧೈರ್ಯ ಬರಲಿಲ್ಲ. ಇವತ್ತು ಆರಕ್ಕೆ ಬರುತ್ತಾನೆ. ಕೇಳುತ್ತೇನೆ, ಕೇಳಿಯೇ ಲಕೋಟೆ ಅಂಟಿಸುತ್ತೇನೆ. ಕೊರಿಯರ್ ಅಂಗಡಿ ಎಂಟರವರೆಗೆ ತೆರೆದಿರುತ್ತದೆ.

ಇದೊಂದು ಸಲ ಮುಖಕ್ಕೆ ಬಣ್ಣವಿಲ್ಲದೆ ನಿಂತಿರುವ,
ನಿನ್ನ ಅಮ್ಮ

ತಾ.ಕ.: ಸಂಜೆ ಏಳು. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹರಿದು ಹಾಕಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ. ಗುರುವಾರದ ವಿಡಿಯೊವನ್ನು ಯಂತ್ರ ತಿನ್ನಲಿಲ್ಲ. ನಿನ್ನೆ ಟೈಲರಮ್ಮ ಕೆಳಗೆ ಹೋದ ಮೇಲೆ ನಾನೇ ಅಳಿಸಿದೆ. ಗುರುವಾರ ಬೆಳಿಗ್ಗೆ ನಾನು ನಿನಗೆ ಫೋನಿನಲ್ಲಿ ಏನು ಹೇಳಿದೆ ಎಂದು ನಿನಗೆ ಗೊತ್ತು. ಬಿಟ್ಟು ಬರುವ ಮಾತನ್ನು ಸೋಮವಾರ ನೀನು ಆಡಿದೆ, ಆದರೆ ವಿಂಗಿನಲ್ಲಿ ನಿಂತು ಹೇಳಿಕೊಟ್ಟವಳು ನಾನು. "ಆ ಮನುಷ್ಯನ ಕೈಗೆ ಮಗೂನ ಬಿಡಬೇಡ, ಬಂದು ಕರ್ಕೊಂಡು ಹೋಗು, ಅವನು ಅವಳನ್ನ ಹಾಳು ಮಾಡ್ತಾನೆ" ಎಂಬುದನ್ನೆಲ್ಲ ಬುಗುರಿ ಒಂದಕ್ಷರ ಬಿಡದೆ, ಒಂದೇ ಉಸಿರಿನಲ್ಲಿ, ನಾಲ್ಕು ನಿಮಿಷ ಆಡಿದ್ದಳು. ಅದು ಅವಳ ಅಪ್ಪನ ಕಿವಿಗೆ ಬೀಳಬಾರದೆಂದು ಅಳಿಸಿದೆ.

ಈಗ ಅಳಿಯಂದಿರ ಮುಂದೆ ಕೂತು ಎಲ್ಲ ಹೇಳಿದೆ, ಅಳಿಸಿದ್ದನ್ನೂ ಹೇಳಿದೆ. ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಮೂರು ತಿಂಗಳ ವಿಡಿಯೊಗಳೂ ಅದರಲ್ಲಿವೆ. ದಿನವೂ ಆರಕ್ಕೆ ಬಂದು, ಗೂಡಿನಿಂದ ಟ್ಯಾಬ್ ಎತ್ತಿ, ಅವತ್ತಿನದನ್ನು ತಮ್ಮ ಫೋನಿಗೆ ತೆಗೆದುಕೊಳ್ಳುತ್ತಿದ್ದರಂತೆ. ಹಳೆಯವನ್ನು ಟ್ಯಾಬಿನಿಂದ ತೆಗೆದು ಅವಳಿಗೆ ಜಾಗ ಮಾಡಿಕೊಡುತ್ತಿದ್ದರಂತೆ. ಈ ವಾರ ಆಸ್ಪತ್ರೆಯ ಕೆಲಸದಲ್ಲಿ ಜಾಗ ಮಾಡುವುದೊಂದು ಮರೆತುಹೋಯಿತಂತೆ. ಅಂದರೆ ನನ್ನ ಪೌಡರು ಸುಳ್ಳು ಹೇಳಿರಲಿಲ್ಲ. ಮೂರು ತಿಂಗಳು ಅವರು ನನ್ನ ಬೈಗುಳವನ್ನೆಲ್ಲ ತಮ್ಮ ಮಗಳ ಬಾಯಿಂದ ಕೇಳಿ, ಊಟಕ್ಕೆ ಕೂತು, "ಸರಿ ಅತ್ತೆ" ಎಂದಿದ್ದಾರೆ. ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನೀವು ಗಂಟೆ ಬಾರಿಸುವುದು ನಿಲ್ಲಿಸುತ್ತಿದ್ದಿರಿ ಎಂದರು.

ಈ ಲಕೋಟೆಯನ್ನು ಅಂಗಡಿಗೆ ಒಯ್ಯಲು ಅವರೇ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಒಡೆದು ಓದುತ್ತಾರೆಂಬ ಗುಮಾನಿ ನನಗಿಲ್ಲ, ಇದರಲ್ಲಿರುವುದನ್ನೆಲ್ಲ ಅವರು ಕೇಳಿ ಮುಗಿಸಿದ್ದಾರೆ. ಗುರುವಾರದ್ದನ್ನಾದರೂ ಆ ಫೋನಿನಿಂದ ಅಳಿಸಿಬಿಡಿ ಎಂದು ಕೈ ಮುಗಿದು ಕೇಳಿದೆ. ತಲೆಯಾಡಿಸಿದರು, ಇಲ್ಲ ಎಂದು. "ಅದನ್ನ ಹೇಗೆ ಅಳಿಸ್ಲಿ ಅತ್ತೆ? ಅವಳು ಒಂದೇ ಸಮನೆ ಇಷ್ಟು ಮಾತಾಡಿದ್ದು ಅದೇ ಮೊದಲು."